ಬಿಸಿಯಾದಾಗ ಮುನಿಯುವ ಡೀಸೆಲ್ ಕಾರು

ಚಳಿಗಾಲದ ಮುಂಜಾನೆ ಮೋಟಾರು ಗಾಡಿ ಹೊರಡಲು ಹಟ ಮಾಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ರಾತ್ರಿಯೆಲ್ಲ ಇಬ್ಬನಿಯಲ್ಲಿ ನಿಂತ ಎಂಜಿನ್ನಿಗೆ ಮೈ ಕಾಯಲು ಸ್ವಲ್ಪ ಹೊತ್ತು ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಇದಕ್ಕೆ ನೇರ ವಿರುದ್ಧವಾದ ಕಾಯಿಲೆಯೊಂದುಂಟು. ಬೆಳಗ್ಗೆ ಕೀಲಿ ತಿರುಗಿಸಿದೊಡನೆ ಹೊರಟ ಡೀಸೆಲ್ ಕಾರು, ಬಿಸಿಲೇರುವ ಹೊತ್ತಿಗೆ ಚಾರ್ಮಾಡಿ ಘಟ್ಟವನ್ನು ಸಲೀಸಾಗಿ ಹತ್ತುತ್ತದೆ. ಕೊಟ್ಟಿಗೆಹಾರದಲ್ಲಿ ಕಾಫಿಗೆಂದು ನಿಲ್ಲಿಸಿ, ಕಾಲು ಗಂಟೆಯ ಮೇಲೆ ಮತ್ತೆ ಕೀಲಿ ತಿರುಗಿಸಿದರೆ, ಚಾಲಕರು ‘ಸೆಲ್ಫ್’ ಎಂದು ಕರೆಯುವ ಸ್ಟಾರ್ಟರ್ ಮೋಟಾರು ಗರಗರನೆ ತಿರುಗುತ್ತದೆಯೇ ಹೊರತು ಎಂಜಿನ್ನು ಉಸಿರೆತ್ತುವುದಿಲ್ಲ. ಒಂದು ಗಂಟೆ ಸುಮ್ಮನೆ ಬಿಟ್ಟರೆ, ಏನೂ ಆಗಿಯೇ ಇರಲಿಲ್ಲವೆಂಬಂತೆ ಹೊರಟುಬಿಡುತ್ತದೆ!

ಭಾನುವಾರಕ್ಕೊಮ್ಮೆ ಗಾಡಿ ತೆಗೆಯುವವರಿಗೆ ಇದು ಕಿರಿಕಿರಿ ಮಾತ್ರ. ಬಾಡಿಗೆ ಕಾರಿನಿಂದ ಜೀವನ ಸಾಗಿಸುವವನಿಗೆ ಇದು ಅನ್ನದ ಪ್ರಶ್ನೆ. ಎಂಜಿನ್ನನ್ನು ಆರಿಸಲು ಅವನಿಗೆ ಧೈರ್ಯವಿರುವುದಿಲ್ಲ. ಪ್ರಯಾಣಿಕರು ದೇವಸ್ಥಾನಕ್ಕೆ ಹೋಗಿಬರುವವರೆಗೂ ಅದನ್ನು ಓಡಿಸಿಕೊಂಡೇ ಇರುತ್ತಾನೆ. ಸಂಪಾದನೆಯ ಒಂದು ಪಾಲು ಹೊಗೆಯಾಗಿ ಹೋಗುತ್ತದೆ. ಘಟ್ಟದ ತಿರುವಿನಲ್ಲಿ ಎಂಜಿನ್ನು ಆರಿ, ಹಿಂದೆ ಲಾರಿಗಳು ಸಾಲುಗಟ್ಟಿದರೆ ಪ್ರಾಣಭಯವೂ ಸೇರಿಕೊಳ್ಳುತ್ತದೆ. ಇಷ್ಟಾದ ಮೇಲೆ ಗ್ಯಾರೇಜಿಗೆ ಹೋದರೆ ಒಮ್ಮೆ ಬ್ಯಾಟರಿ, ಒಮ್ಮೆ ಹೀಟರ್ ಪ್ಲಗ್ಗು, ಒಮ್ಮೆ ನಾಜಲುಗಳು ಬದಲಾಗುತ್ತವೆ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂಥ ಚಿಕಿತ್ಸೆಗಾಗಿಯೇ ಹುಟ್ಟಿರಬೇಕು. ವೈದ್ಯನಿಗೆ ಔಷಧಕ್ಕಿಂತ ಮೊದಲು ರೋಗನಿದಾನ ಮುಖ್ಯ. ಯಂತ್ರಕ್ಕೂ ಆ ಮಾತು ಸಲ್ಲುತ್ತದೆ.

ಕಿಡಿಯಿಲ್ಲದ ಬೆಂಕಿ

ಈ ಕಾಯಿಲೆಯನ್ನು ಅರಿಯಬೇಕಾದರೆ ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ತನ್ನ ಕಲ್ಪನೆಗೆ ಹಕ್ಕುಪತ್ರ ಕೋರಿ, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅದನ್ನು ಸಮರ್ಥವಾಗಿ ಓಡಿಸಿ ತೋರಿಸಿದನು. ಪೆಟ್ರೋಲ್ ಎಂಜಿನ್ನಿನಲ್ಲಿ ವಿದ್ಯುತ್ತಿನ ಕಿಡಿ ಇಂಧನಕ್ಕೆ ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಕ್ಕೆ ಬರಿಯ ಗಾಳಿ ಬರುತ್ತದೆ; ಪಿಸ್ಟನ್ ಅದನ್ನು ಹದಿನಾರರಲ್ಲೊಂದು, ಕೆಲವು ಎಂಜಿನ್ನುಗಳಲ್ಲಿ ಇಪ್ಪತ್ತೆರಡರಲ್ಲೊಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ವಾಚಕರು ಕೈಯಾರೆ ಅನುಭವಿಸಿರಬಹುದು. ಅದೇ ರೀತಿ ಇಲ್ಲಿ ಅದುಮಿದ ಗಾಳಿಯ ತಾಪ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕ್ಷಣದಲ್ಲಿ ಡೀಸೆಲ್ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಲು ಅದಕ್ಕೆ 250 ಡಿಗ್ರಿಯ ಆಸುಪಾಸಿನ ಶಾಖ ಸಾಕು.

ಈಗ ವಾಚಕರೇ ಯೋಚಿಸಲಿ. ಶಾಖದಿಂದಲೇ ಬದುಕುವ ಯಂತ್ರ ಇದು. ಅದರ ಗೋಡೆಗಳು ಆಗಲೇ ಕಾದಿದ್ದರೆ ಬೆಂಕಿ ಇನ್ನೂ ಸುಲಭವಾಗಿ ಹೊತ್ತಬೇಕಲ್ಲವೆ? ಹೌದು, ಹೊತ್ತಬೇಕು. ಆದ್ದರಿಂದಲೇ ಈ ಕಾಯಿಲೆಯ ಮೊದಲ ಸುಳಿವು ಈ ವಿರೋಧದಲ್ಲಿಯೇ ಅಡಗಿದೆ. ಬಿಸಿ ಎಂಜಿನ್ನಿಗೆ ಕೊರತೆಯಾಗಿರುವುದು ಶಾಖವಲ್ಲ. ಹಾಗಾಗಿ ಶಾಖ ಕೊಡುವುದಕ್ಕಾಗಿಯೇ ಇರುವ ಹೀಟರ್ ಪ್ಲಗ್ಗುಗಳನ್ನು ಬದಲಿಸುವುದರಿಂದ ಸಾಮಾನ್ಯವಾಗಿ ಏನೂ ಪ್ರಯೋಜನವಾಗದು. ಬೆಳಗ್ಗೆ ಸಲೀಸಾಗಿ ಹೊರಡುವ ಎಂಜಿನ್ನಿನಲ್ಲಿ ಅವು ನೆಟ್ಟಗೇ ಇವೆಯೆನ್ನಬೇಕು.

ಹಾಗಾದರೆ ಕೊರತೆ ಯಾವುದರದು? ಎಂಜಿನ್ನು ಹೊರಡಲು ಇನ್ನು ಮೂರು ಬೇಕು: ಸಾಕಷ್ಟು ವೇಗವಾಗಿ ತಿರುಗಬೇಕು, ಸಾಕಷ್ಟು ಒತ್ತಡದಲ್ಲಿ ಎಣ್ಣೆ ಬರಬೇಕು, ಹೊಸ ಕಾರುಗಳಲ್ಲಾದರೆ, ಎಣ್ಣೆಯನ್ನು ಯಾವಾಗ ಬಿಡಬೇಕೆಂಬ ವಿದ್ಯುತ್ ಸಂಕೇತವೂ ತಲುಪಬೇಕು. ಶಾಖವು ಈ ಮೂರನ್ನೂ ಒಂದೊಂದು ಬಗೆಯಲ್ಲಿ ಕೆಡಿಸಬಲ್ಲುದು. ಕೆಟ್ಟಿರುವುದು ಯಾವುದೆಂದು ಗುರುತಿಸುವುದೇ ನಿದಾನ.

ನಿಂತ ಮೇಲೆ ಏರುವ ತಾಪ

ಕಾರು ಓಡುತ್ತಿರುವಾಗ ಇಲ್ಲದ ತೊಂದರೆ ನಿಲ್ಲಿಸಿದ ಮೇಲೆ ಏಕೆ ಬರುತ್ತದೆ? ಎಂಜಿನ್ನು ಓಡುವಷ್ಟು ಹೊತ್ತೂ ರೇಡಿಯೇಟರಿನ ನೀರು ಸುತ್ತುತ್ತಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಟ್ಯಾಂಕಿನಿಂದ ಬರುವ ಎಣ್ಣೆ ಪಂಪನ್ನು ತಂಪಾಗಿಡುತ್ತದೆ. ಎಂಜಿನ್ನು ನಿಂತೊಡನೆ ಇವೆಲ್ಲವೂ ನಿಲ್ಲುತ್ತವೆ. ಆದರೆ ಸಿಲಿಂಡರಿನ ಸುತ್ತಲಿನ ದಪ್ಪ ಲೋಹದಲ್ಲಿ ಅಡಗಿದ ಶಾಖ ಮಾತ್ರ ಹೊರಕ್ಕೆ ಹರಿಯುತ್ತಲೇ ಇರುತ್ತದೆ. ಒಲೆ ಆರಿಸಿದ ಮೇಲೂ ಕಾವಲಿ ಸುಡುವಂತೆ, ಬಾನೆಟ್ಟಿನ ಕೆಳಗಿನ ಪಂಪು, ತಂತಿ, ಸ್ಟಾರ್ಟರುಗಳ ತಾಪ ಕೆಲಕಾಲ ಇಳಿಯುವುದರ ಬದಲು ಏರುತ್ತದೆ. ನಿಲ್ಲಿಸಿದ ಕೂಡಲೇ ತಿರುಗಿಸಿದರೆ ಹೊರಡುವ ಕಾರು, ಕಾಲು ಗಂಟೆಯ ಮೇಲೆ ಹೊರಡದಿರುವುದಕ್ಕೆ ಕಾರಣ ಇದೇ.

ಮೊದಲ ಪ್ರಶ್ನೆ: ವೇಗವೆಷ್ಟು?

ನಿದಾನಕ್ಕೆ ತೊಡಗುವವನು ಬಾನೆಟ್ಟನ್ನು ಎತ್ತುವ ಮೊದಲು ಕಿವಿಗೊಡಬೇಕು. ಬೆಳಗಿನ ತಂಪಿನಲ್ಲಿ ಸೆಲ್ಫ್ ತಿರುಗುವ ಸದ್ದನ್ನು, ಮಧ್ಯಾಹ್ನ ಬಿಸಿಯಾಗಿರುವಾಗ ತಿರುಗುವ ಸದ್ದಿನೊಡನೆ ಹೋಲಿಸಬೇಕು. ಸರಿಯಾದ ಎಂಜಿನ್ನು ಈ ಸಮಯದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. ಎಣ್ಣೆ ಬಿಸಿಯಾಗಿ ತೆಳುವಾಗಿರುವಾಗ ಇನ್ನೂ ಹಗುರವಾಗಿ ತಿರುಗಬೇಕು. ಹಾಗಾಗದೆ ಸದ್ದು ಎಳೆದಂತೆ, ಏದುಸಿರು ಬಿಟ್ಟಂತೆ ಕೇಳಿದರೆ, ತಪ್ಪು ಡೀಸೆಲ್ಲಿನದಲ್ಲ. ಸ್ಟಾರ್ಟರಿನದು ಅಥವಾ ಅದಕ್ಕೆ ವಿದ್ಯುತ್ತು ಒಯ್ಯುವ ದಾರಿಯದು.

ತಾಮ್ರವು ಬಿಸಿಯಾದಷ್ಟೂ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದಾಗ ಆ ಅಡ್ಡಿ ಕಾಲುಭಾಗಕ್ಕಿಂತ ಹೆಚ್ಚಾಗುತ್ತದೆ. ಗಟ್ಟಿಮುಟ್ಟಾದ ಸ್ಟಾರ್ಟರು ಇದನ್ನು ತಾಳಿಕೊಳ್ಳುತ್ತದೆ. ಬುಷ್ ಸವೆದು, ಬ್ರಷ್ ಮೋಟಾಗಿ, ಮೈ ಬಳಲಿದ ಸ್ಟಾರ್ಟರು ತಾಳಿಕೊಳ್ಳಲಾರದು. ಪರೀಕ್ಷೆ ಸುಲಭ. ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟ್‌ಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿಯಬೇಕು. ಮುಳ್ಳು 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಅಥವಾ ಸ್ಟಾರ್ಟರು ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತಿದೆ. ಇಳಿಯದಿದ್ದರೂ ಎಂಜಿನ್ನು ನಿಧಾನವಾಗಿ ತಿರುಗಿದರೆ ತಂತಿಗಳನ್ನೂ ಸ್ಟಾರ್ಟರನ್ನೂ ಸಂಶಯಿಸಬೇಕು. ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ತಂತಿ ತುಕ್ಕು ಹಿಡಿದಿದೆಯೆಂದೇ ಅರ್ಥ. ಒಂದು ತಂತಿಯನ್ನು ಉಜ್ಜಿ ಬಿಗಿ ಮಾಡುವುದರಿಂದ ಮುಗಿಯುವ ಕೆಲಸಕ್ಕೆ ಪಂಪನ್ನು ಬಿಚ್ಚಿಸಿಕೊಂಡವರು ಎಷ್ಟೋ ಮಂದಿ!

ಹೊಗೆಯ ಸಾಕ್ಷ್ಯ

ವೇಗ ಸರಿಯಾಗಿದ್ದರೆ, ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಕಾರಿನ ಹಿಂದೆ ನಿಂತು ಹೊಗೆಕೊಳವೆಯನ್ನು ನೋಡಬೇಕು. ಬಿಳಿಯ ಅಥವಾ ಬೂದು ಬಣ್ಣದ ಹೊಗೆ ಬಂದರೆ, ಎಣ್ಣೆ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದಾಯಿತು. ಆಗ ಸಿಂಪಡಿಸುವ ನಾಜಲು, ಸಿಂಪಡಿಸುವ ಸಮಯ, ಗಾಳಿ ಅದುಮುವ ಶಕ್ತಿ ಇವುಗಳ ಕಡೆ ಗಮನ ಕೊಡಬೇಕು. ವಾಲ್ವುಗಳ ಸಂದು ತೀರ ಬಿಗಿಯಾಗಿದ್ದರೆ, ಬಿಸಿಯಾದಾಗ ಅವು ಪೂರ್ತಿ ಮುಚ್ಚಿಕೊಳ್ಳದೆ ಗಾಳಿ ಸೋರಿಹೋಗುವುದುಂಟು.

ಹೊಗೆಯೇ ಇಲ್ಲದಿದ್ದರೆ ಎಣ್ಣೆಯೇ ಬರುತ್ತಿಲ್ಲ. ಹೆಚ್ಚಿನ ಬಿಸಿ ಕಾಯಿಲೆಗಳು ಈ ಎರಡನೆಯ ಗುಂಪಿಗೆ ಸೇರಿದವು. ಈ ಒಂದು ನೋಟಕ್ಕೆ ಕಾಸು ಖರ್ಚಿಲ್ಲ. ಆದರೂ ಇದರಿಂದ ಕಾರಣಗಳ ಪಟ್ಟಿ ಅರ್ಧದಷ್ಟು ಕಿರಿದಾಗುತ್ತದೆ.

ಒದ್ದೆ ಬಟ್ಟೆಯ ರಹಸ್ಯ

ಹಳೆಯ ಜೀಪು, ಹಳೆಯ ಟ್ಯಾಕ್ಸಿ ಮೊದಲಾದವುಗಳಲ್ಲಿ ಎಣ್ಣೆಯನ್ನು ಅದುಮಿ ಹಂಚುವ ಕೆಲಸ ತಿರುಗುವ ಪಂಪೊಂದರದು. ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಡೀಸೆಲ್ ಪಂಪುಗಳನ್ನು ಹೇರಳವಾಗಿ ತಯಾರಿಸಲಾರಂಭಿಸಿದ ಮೇಲೆಯೇ ಈ ಎಂಜಿನ್ನು ಹಡಗು, ಕಾರ್ಖಾನೆಗಳಿಂದ ರಸ್ತೆಗಿಳಿಯುವುದು ಸುಗಮವಾಯಿತು. 1936ರಲ್ಲಿ ಮರ್ಸಿಡಿಸ್-ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಬಂದಿತು. ನಮ್ಮವರಿಗೆ ಈ ಪಂಪಿನ ಪರಿಚಯ ಬೆಂಗಳೂರಿನ ಆಡುಗೋಡಿಯ ಮೂಲಕ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ದೇಶದ ಮೂಲೆಮೂಲೆಗೂ ಪಂಪು, ನಾಜಲುಗಳನ್ನು ಕಳುಹಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾದರೂ ಅನೇಕ ಮೆಕ್ಯಾನಿಕ್ಕರ ಬಾಯಲ್ಲಿ ಅದು ಇನ್ನೂ ‘ಮೈಕೋ ಪಂಪು’.

ಈ ಪಂಪಿನ ಹೃದಯದಲ್ಲಿ ಉಕ್ಕಿನ ಕಡ್ಡಿಯೊಂದು ಉಕ್ಕಿನ ಗೂಡಿನೊಳಗೆ ಆಡುತ್ತದೆ. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ, ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಸೋರದಂತೆ ತಡೆಯಲು ಅಲ್ಲಿ ರಬ್ಬರಾಗಲಿ ವಾಷರಾಗಲಿ ಇಲ್ಲ. ಡೀಸೆಲ್ ಎಣ್ಣೆಯ ಮಂದತನವೇ ಅಲ್ಲಿನ ಬಾಗಿಲು. ವರ್ಷಗಟ್ಟಲೆ ಓಡಿ ಸಂದು ಸವೆದು ದೊಡ್ಡದಾದರೂ ಬೆಳಗಿನ ಮಂದ ಎಣ್ಣೆ ಹೇಗೋ ಅದನ್ನು ಮುಚ್ಚುತ್ತದೆ. ಆದರೆ 40 ಡಿಗ್ರಿಯಲ್ಲಿದ್ದ ಎಣ್ಣೆ 80 ಡಿಗ್ರಿಗೆ ಕಾದಾಗ ಅದರ ಮಂದತನ ಸುಮಾರು ಅರ್ಧಕ್ಕಿಳಿಯುತ್ತದೆ. ಆಗ ಅದುಮಿದ ಎಣ್ಣೆ ನಾಜಲಿನ ಕಡೆ ಹೋಗುವ ಬದಲು ಸಂದಿನಲ್ಲಿ ಹಿಂದಕ್ಕೆ ನುಸುಳುತ್ತದೆ. ನಾಜಲನ್ನು ತೆರೆಯಲು ಬೇಕಾದ ನೂರಕ್ಕೂ ಮಿಕ್ಕಿದ ಬಾರ್ ಒತ್ತಡ ಏರುವುದೇ ಇಲ್ಲ.

ಹಾಗಿದ್ದರೆ ಅದೇ ಪಂಪು ಓಡುವಾಗ ಸರಿಯಾಗಿರುವುದೇಕೆ? ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಹೊಡೆತಕ್ಕೆ ಹಿಡಿಯುವ ಸಮಯಕ್ಕಿಂತ, 200 ಸುತ್ತು ತಿರುಗುವಾಗ ನಾಲ್ಕು ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟು ಹೆಚ್ಚು ಹೊತ್ತು ಸೋರುತ್ತದೆ. ಇಂಥ ಗಾಡಿ ಸೆಲ್ಫಿಗೆ ಜಗ್ಗದಿದ್ದರೂ ಇಳಿಜಾರಿನಲ್ಲಿ ತಳ್ಳಿದರೆ ಹೊರಡುವುದು ಇದಕ್ಕಾಗಿಯೇ.

ಪರೀಕ್ಷೆಯೆಂದರೆ, ಎಂಜಿನ್ನು ನಿಂತಿರುವಾಗ ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ವಿದ್ಯುತ್ ಜೋಡಣೆಗಳಿಗೆ ತಾಗದಂತೆ ಪಂಪಿನ ತಲೆಗೆ ಸುತ್ತಿ ಹತ್ತು ನಿಮಿಷ ಕಾಯುವುದು. ಆಗ ಕಾರು ಹೊರಟರೆ ಪಂಪಿನ ಸವೆತದ ಮೇಲೆ ಬಲವಾದ ಸಂಶಯ ಬೀಳುತ್ತದೆ. ಓಡುತ್ತಿರುವ ಬಿಸಿ ಪಂಪಿನ ಮೇಲೆ ನೀರನ್ನು ಸುರಿಯಬಾರದು. ಗೂಡು ಕುಗ್ಗಿ ಕಡ್ಡಿಯನ್ನು ಕಚ್ಚಿಕೊಂಡರೆ ಪಂಪೇ ಹಾಳಾದೀತು.

ಹಿಂದೆ ಪೆಟ್ರೋಲ್ ಕಾರುಗಳ ಪಂಪಿಗೂ ಚಾಲಕರು ಒದ್ದೆ ಬಟ್ಟೆ ಸುತ್ತುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ಆದರೆ ಎರಡೂ ಒಂದೇ ಅಲ್ಲ. ಪೆಟ್ರೋಲು 40 ಡಿಗ್ರಿಯ ಸುಮಾರಿಗೇ ಆವಿಯಾಗತೊಡಗಿ ಕೊಳವೆಯನ್ನು ಕಟ್ಟುತ್ತಿತ್ತು. ಡೀಸೆಲ್ ಎಣ್ಣೆ ಕುದಿಯಲು ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಬಾನೆಟ್ಟಿನ ಕೆಳಗೆ ಅಷ್ಟು ತಾಪ ಇರುವುದಿಲ್ಲ. ಔಷಧ ಒಂದೇ ಆದರೂ ರೋಗ ಬೇರೆ.

ಪಂಪಿಗೆ ಶಿಕ್ಷೆ ವಿಧಿಸುವ ಮುನ್ನ ಇನ್ನೆರಡು ಸಣ್ಣ ಅಪರಾಧಿಗಳನ್ನು ವಿಚಾರಿಸಬೇಕು. ಪಂಪಿನ ಮೇಲಿರುವ, ಎಂಜಿನ್ನನ್ನು ನಿಲ್ಲಿಸಲು ಎಣ್ಣೆಯನ್ನು ತಡೆಯುವ ವಿದ್ಯುತ್ ವಾಲ್ವು ಮೊದಲನೆಯದು. ಬಿಸಿಯಾದ ಅದರ ಸುರುಳಿ, ಸೆಲ್ಫ್ ಹೊಡೆಯುವಾಗ ಕುಸಿದ ವೋಲ್ಟೇಜಿನಲ್ಲಿ ತೆರೆಯದೆ ಹೋಗಬಹುದು. ಕೀಲಿ ತಿರುಗಿಸಿದಾಗ ‘ಟಿಕ್’ ಎಂಬ ಸದ್ದು ಕೇಳದಿದ್ದರೆ ಅದನ್ನೇ ಹಿಡಿಯಬೇಕು. ಎರಡನೆಯದು ಟ್ಯಾಂಕಿನಿಂದ ಬರುವ ರಬ್ಬರು ಕೊಳವೆ. ಶಾಖಕ್ಕೆ ಮೆತ್ತಗಾಗಿ, ಜೋಡಣೆಯಲ್ಲಿ ಸಡಿಲವಾಗಿ ಅದು ಗಾಳಿ ಎಳೆದುಕೊಳ್ಳುತ್ತದೆ. ಪಂಪಿಗೆ ಮುಂಚೆ ಒಂದು ಗೇಣು ಪಾರದರ್ಶಕ ಕೊಳವೆಯನ್ನು ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಹೊಸ ಕಾರುಗಳ ಕಥೆ

1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿನೊಡನೆ ‘ಕಾಮನ್ ರೈಲ್’ ಎಂಬ ವ್ಯವಸ್ಥೆ ಕಾರುಗಳಿಗೆ ಬಂದಿತು. ಇಂದಿನ ಡೀಸೆಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಈ ಬಗೆಯವೇ. ಇಲ್ಲಿ ಪಂಪು ಎಣ್ಣೆಯನ್ನು ಒಂದು ಸಾಮಾನ್ಯ ಕೊಳವೆಯಲ್ಲಿ ತುಂಬಿ ಅದುಮಿಡುತ್ತದೆ. ಅಲ್ಲಿಂದ ಪ್ರತಿಯೊಂದು ಸಿಲಿಂಡರಿನ ಇಂಜೆಕ್ಟರು ವಿದ್ಯುತ್ತಿನ ಅಪ್ಪಣೆಯಂತೆ ತೆರೆದು ಮುಚ್ಚುತ್ತದೆ. ಅಪ್ಪಣೆ ಕೊಡುವುದು ಗಾಡಿಯ ಕಂಪ್ಯೂಟರು. ಕೊಳವೆಯ ಒತ್ತಡ ನಿಗದಿಯಾದ ಮಟ್ಟ ಮುಟ್ಟದೆ ಅದು ಅಪ್ಪಣೆ ಕೊಡುವುದಿಲ್ಲ. ಅನೇಕ ಕಾರುಗಳಲ್ಲಿ ಈ ಮಟ್ಟ 150ರಿಂದ 250 ಬಾರ್‌ಗಳ ನಡುವೆ ಇರುತ್ತದೆ.

ಇಲ್ಲಿಯೂ ಹಳೆಯ ರೋಗವೇ ಹೊಸ ವೇಷದಲ್ಲಿ ಬರುತ್ತದೆ. ಸವೆದ ಇಂಜೆಕ್ಟರು ತನ್ನೊಳಗಿನಿಂದ ಎಣ್ಣೆಯನ್ನು ಟ್ಯಾಂಕಿನ ಕಡೆಗೆ ಹಿಂದಕ್ಕೆ ಬಿಡುತ್ತದೆ. ಎಣ್ಣೆ ಬಿಸಿಯಾಗಿ ತೆಳುವಾದರೆ ಸೋರಿಕೆ ಹೆಚ್ಚುತ್ತದೆ. ಒಂದು ಸೋರಿದರೆ ನಾಲ್ಕಕ್ಕೂ ಒತ್ತಡವಿಲ್ಲ. ಇದನ್ನು ಹಿಡಿಯುವ ಉಪಾಯ ಸರಳವಾದುದು. ಪ್ರತಿ ಇಂಜೆಕ್ಟರಿನಿಂದ ಎಣ್ಣೆ ಹಿಂದಿರುಗುವ ಸಣ್ಣ ಕೊಳವೆಯನ್ನು ಬಿಡಿಸಿ, ಒಂದೇ ಅಳತೆಯ ನಾಲ್ಕು ಸೀಸೆಗಳಿಗೆ ಹಚ್ಚಿ, ಎಂಜಿನ್ನು ಬಿಸಿಯಾಗಿರುವಾಗಲೇ ಕೆಲವು ನಿಮಿಷ ಓಡಿಸಬೇಕು. ಉಳಿದವುಗಳಿಗಿಂತ ಎದ್ದುಕಾಣುವಷ್ಟು ಬೇಗ ತುಂಬಿದ ಸೀಸೆಯೇ ಅಪರಾಧಿಯ ಕಡೆ ಬೆರಳು ತೋರಿಸುತ್ತದೆ. ನಾಲ್ಕೂ ಸಮವಾಗಿ, ಮಿತವಾಗಿ ತುಂಬಿದರೂ ಒತ್ತಡ ಏರದಿದ್ದರೆ ಪಂಪನ್ನೂ ಒತ್ತಡದ ವಾಲ್ವುಗಳನ್ನೂ ನೋಡಬೇಕು.

ಮೂರನೆಯ ಕೊರತೆ ಸಂಕೇತದ್ದು. ಎಂಜಿನ್ನಿನ ಮುಖ್ಯ ದಂಡ ಯಾವ ಕ್ಷಣದಲ್ಲಿ ಎಲ್ಲಿದೆಯೆಂದು ತಿಳಿಸುವ ಪುಟ್ಟ ಸೆನ್ಸರೊಂದಿದೆ. ಅದರೊಳಗಿನ ಕೂದಲೆಳೆಯಂಥ ತಂತಿ ಎಲ್ಲಾದರೂ ಬಿರಿದಿದ್ದರೆ, ತಣ್ಣಗಿರುವಾಗ ಕೂಡಿಕೊಂಡು, ಬಿಸಿಗೆ ಹಿಗ್ಗಿದಾಗ ಬೇರೆಯಾಗುತ್ತದೆ. ಆಗ ಕಂಪ್ಯೂಟರಿನ ದೃಷ್ಟಿಯಲ್ಲಿ ಎಂಜಿನ್ನು ತಿರುಗುತ್ತಲೇ ಇಲ್ಲ! ಲಕ್ಷಣಗಳು ಸ್ಪಷ್ಟ: ಸೆಲ್ಫ್ ಚುರುಕಾಗಿ ತಿರುಗುತ್ತದೆ, ಹೊಗೆ ಇರುವುದಿಲ್ಲ, ಮೆಕ್ಯಾನಿಕ್ಕಿನ ಸ್ಕ್ಯಾನರಿನಲ್ಲಿ ಸುತ್ತುಗಳ ಸಂಖ್ಯೆ ಸೊನ್ನೆ. ಕೆಲವೊಮ್ಮೆ ಓಡುತ್ತಿರುವ ಎಂಜಿನ್ನೇ ಇದ್ದಕ್ಕಿದ್ದಂತೆ ಆರುತ್ತದೆ. ನೀರಿನ ತಾಪ ತಿಳಿಸುವ ಸೆನ್ಸರು ಸುಳ್ಳು ಹೇಳಿದರೂ ಹೊರಡಲು ಬೇಕಾದ ಎಣ್ಣೆಯ ಲೆಕ್ಕ ತಪ್ಪುತ್ತದೆ. ಪಂಪಿನ ಬೆಲೆಯ ಮುಂದೆ ಈ ಸೆನ್ಸರುಗಳ ಬೆಲೆ ಅತ್ಯಲ್ಪ. ಆದ್ದರಿಂದ ಸ್ಕ್ಯಾನರಿನಲ್ಲಿ ಸುತ್ತುಗಳನ್ನೂ ಒತ್ತಡವನ್ನೂ ನೋಡದೆ ಇಂಜೆಕ್ಟರುಗಳಿಗೆ ಕೈಹಾಕಲು ಮಾಲೀಕನು ಒಪ್ಪಕೂಡದು.

ಮಾಡಬಾರದ ಕೆಲಸಗಳು

ಗಾಳಿ ಬರುವ ದಾರಿಯಲ್ಲಿ ಈಥರನ್ನಾಗಲಿ ಪೆಟ್ರೋಲನ್ನಾಗಲಿ ಸಿಂಪಡಿಸಿ ಎಂಜಿನ್ನನ್ನು ಎಬ್ಬಿಸುವವರಿದ್ದಾರೆ. ಹೀಟರ್ ಪ್ಲಗ್ಗಿರುವ ಎಂಜಿನ್ನಿನಲ್ಲಿ ಅದು ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನನ್ನೇ ಒಡೆಯಬಹುದು. ಹಳೆಯ ಎಂಜಿನ್ನಿನಲ್ಲಿ ನಾಜಲಿನ ನಟ್ಟನ್ನು ಸಡಿಲಿಸಿ ‘ಏರ್ ತೆಗೆಯುವ’ ರೂಢಿಯುಂಟು. ಕಾಮನ್ ರೈಲ್ ಕಾರಿನಲ್ಲಿ ಆ ಸಾಹಸ ಎಂದಿಗೂ ಸಲ್ಲದು. ಅಲ್ಲಿನ ಒತ್ತಡ ಓಡುವಾಗ 1,600 ಬಾರ್ ಮೀರಬಹುದು. ಸೂಜಿಯಂಥ ಧಾರೆ ಚರ್ಮವನ್ನು ತೂರಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಸೆಲ್ಫನ್ನು ಬಿಡದೆ ಒತ್ತಿಹಿಡಿಯುವುದೂ ತರವಲ್ಲ. ಹತ್ತು ಸೆಕೆಂಡು ಪ್ರಯತ್ನಿಸಿ ಒಂದೆರಡು ನಿಮಿಷ ಬಿಡುವು ಕೊಡದಿದ್ದರೆ, ಮೊದಲೇ ಬಿಸಿಯಾದ ಸ್ಟಾರ್ಟರು ಸುಟ್ಟುಹೋಗಿ ಒಂದು ರೋಗ ಎರಡಾಗುತ್ತದೆ. ಸವೆದ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆಯನ್ನು ಹೆಚ್ಚಿಸಿಕೊಡುವ ಗ್ಯಾರೇಜುಗಳಿಂದಲೂ ಎಚ್ಚರವಾಗಿರಬೇಕು. ಕೆಲವು ವಾರ ಕಾರು ಹೊರಟೀತು. ಆದರೆ ಕಪ್ಪು ಹೊಗೆಯ ಜೊತೆಗೆ ಹಣವೂ ಹೋಗುತ್ತಿರುತ್ತದೆ.

ನಿದಾನ ಪಂಪಿನ ಕಡೆಗೇ ಬೆರಳು ತೋರಿದರೂ ಪಂಪನ್ನು ಬಿಚ್ಚಿ ಪಂಪ್ ಬೆಂಚಿನ ಮೇಲೆ ಅಳೆಸಿದ ನಂತರವೇ ದುಡ್ಡು ಬಿಚ್ಚುವುದು ಲೇಸು. ಸವೆತಕ್ಕೆ ಮುಖ್ಯ ಕಾರಣಗಳು ನೀರು, ದೂಳು, ಮತ್ತು ಸೀಮೆಎಣ್ಣೆ ಬೆರೆತ ಡೀಸೆಲ್. ಸೀಮೆಎಣ್ಣೆಗೆ ಮಂದತನವೂ ಕಡಿಮೆ, ಜಾರುವ ಗುಣವೂ ಕಡಿಮೆ. ಕಾಲಕಾಲಕ್ಕೆ ಫಿಲ್ಟರನ್ನು ಬದಲಿಸುವುದು, ಅದರ ತಳದಲ್ಲಿ ನಿಂತ ನೀರನ್ನು ಬಸಿಯುವುದು, ನಂಬಿಕೆಯ ಕಡೆ ಎಣ್ಣೆ ಹಾಕಿಸುವುದು, ಟ್ಯಾಂಕನ್ನು ತಳ ಕಾಣುವಷ್ಟು ಬರಿದು ಮಾಡದಿರುವುದು, ಇವು ಪಂಪಿನ ಆಯುಸ್ಸನ್ನು ಹೆಚ್ಚಿಸುತ್ತವೆ. ಬಿಸಿಯಾಗಿ ಹಿಂದಿರುಗುವ ಎಣ್ಣೆ ತಣಿಯಬೇಕಾದರೆ ಟ್ಯಾಂಕಿನಲ್ಲಿ ಸಾಕಷ್ಟು ತಣ್ಣನೆಯ ಎಣ್ಣೆ ಇರಬೇಕಷ್ಟೆ.

ಕಾರಿನ ಮಾಲೀಕನು ಯಂತ್ರಶಾಸ್ತ್ರಜ್ಞನಾಗಬೇಕಾದ ಅಗತ್ಯವಿಲ್ಲ. ಎಷ್ಟು ಹೊತ್ತು ನಿಲ್ಲಿಸಿದ ಮೇಲೆ ತೊಂದರೆ ಬಂತು, ಸೆಲ್ಫಿನ ಸದ್ದು ಹೇಗಿತ್ತು, ಹೊಗೆ ಬಂತೆ ಇಲ್ಲವೆ, ತಣ್ಣಗಾಗಲು ಎಷ್ಟು ಸಮಯ ಹಿಡಿಯಿತು ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ಕಿನ ಕೈಗಿಟ್ಟರೆ ಅರ್ಧ ನಿದಾನ ಆದಂತೆಯೇ. ಉಳಿದರ್ಧವನ್ನು ಕಾರು ಬಿಸಿಯಾಗಿರುವಾಗಲೇ ಪರೀಕ್ಷಿಸಬೇಕೆಂದು ಅವನು ಪಟ್ಟು ಹಿಡಿಯಲಿ. ಜ್ವರ ಬಿಟ್ಟ ಮೇಲೆ ನಾಡಿ ಹಿಡಿದು ನೋಡಿದರೆ ಎಂಥ ವೈದ್ಯನಿಗೂ ಜ್ವರ ಸಿಕ್ಕುವುದಿಲ್ಲ.